ಬಿಳುಪಿನ ದರ್ಬಾರು

ಭಾನುವಾರದ ಪತ್ರಿಕೆ ಕೈಗೆ ಬಂದೊಡನೆ ಪುರವಣಿಗಿಂತ ಮೊದಲು ವಧೂವರರ ಪುಟ ತೆರೆಯುವ ಮನೆಗಳು ಇವತ್ತಿಗೂ ಬೇಕಾದಷ್ಟಿವೆ. ಆ ಪುಟದಲ್ಲಿ ಒಂದೊಂದು ಪದಕ್ಕೂ ದುಡ್ಡು ತೆರಬೇಕು. ಹಾಗಾಗಿ ಅಲ್ಲಿ ಸುಮ್ಮನೆ ಬಂದ ಮಾತು ಅಂತ ಒಂದೂ ಇರುವುದಿಲ್ಲ. ಜಾತಿ, ಒಳಪಂಗಡ, ಗೋತ್ರ, ನಕ್ಷತ್ರ, ಎತ್ತರ, ಓದು, ಸಂಬಳ. ಇವುಗಳ ನಡುವೆ ‘ಬೆಳ್ಳಗಿನ’ ಅನ್ನುವುದೂ ಕೂತಿರುತ್ತದೆ. ವರನ ಕಡೆಯವರು ‘ಬೆಳ್ಳಗಿನ, ಸುಂದರ, ಸುಸಂಸ್ಕೃತ ವಧು ಬೇಕಾಗಿದೆ’ ಎಂದು ಹಾಕಿಸುತ್ತಾರೆ. ಹುಡುಗಿಯ ಕಡೆಯವರು ‘ಗೋಧಿ ಬಣ್ಣ’ ಎಂದು ಬರೆಸಿದ್ದರೆ ಅದರಲ್ಲಿ ಅರ್ಧ ವಿನಯ, ಅರ್ಧ ಚೌಕಾಸಿ. ಕಪ್ಪು ಹುಡುಗಿಯ ಮನೆಯವರು ಬಣ್ಣದ ಮಾತನ್ನೇ ಎತ್ತದೆ ಎಂ.ಟೆಕ್., ಬ್ಯಾಂಕಿನ ಕೆಲಸ, ಸ್ವಂತ ನಿವೇಶನಗಳನ್ನು ಮುಂದಿಡುತ್ತಾರೆ. ಬಣ್ಣ ಯಾಕೆ ಬರೆದಿಲ್ಲ ಅನ್ನುವುದು ಓದುವವರಿಗೆ ಗೊತ್ತೇ ಆಗುತ್ತದೆ.

ವಧೂವರರ ಪುಟಕ್ಕೆ ಬರುವ ಎಷ್ಟೋ ವರ್ಷ ಮುಂಚೆಯೇ ಈ ಲೆಕ್ಕ ಶುರುವಾಗಿರುತ್ತದೆ. ಬಸುರಿಗೆ ಕೇಸರಿ ಹಾಲು ಕುಡಿಸುವಾಗ ಹೊಟ್ಟೆಯೊಳಗಿನ ಕೂಸಿನ ಬಣ್ಣದ ಮಾತು ಬರುತ್ತದೆ. ಕೂಸು ಹುಟ್ಟಿದ ಮೇಲೆ ನೋಡಲು ಬಂದ ಹಿರಿಯರು ಅದರ ಕಿವಿಯ ತುದಿ ನೋಡಿ ಮುಂದೆ ಯಾವ ಬಣ್ಣಕ್ಕೆ ತಿರುಗುತ್ತದೆ ಎಂದು ಭವಿಷ್ಯ ಹೇಳುತ್ತಾರೆ. ‘ಕಪ್ಪಾದ್ರೂ ಲಕ್ಷಣವಾಗಿದೆ ಬಿಡಿ’ ಎಂದು ಸಮಾಧಾನ ಹೇಳುವವರೂ ಇರುತ್ತಾರೆ. ಎರಡು ದಿನದ ಮಗುವಿನ ತಾಯಿಗೆ ಸಮಾಧಾನ ಯಾಕೆ ಬೇಕು ಎಂದು ಯಾರೂ ಕೇಳುವುದಿಲ್ಲ.

ಈ ವಿಷಯ ಎತ್ತಿದರೆ ಎರಡು ಸಿದ್ಧ ಉತ್ತರಗಳು ಸಿಗುತ್ತವೆ. ‘ಅದೆಲ್ಲ ಬ್ರಿಟಿಷರು ಕಲಿಸಿ ಹೋದದ್ದು’ ಎನ್ನುವುದು ಒಂದು. ‘ಅವರವರ ಕಣ್ಣು, ಅವರವರ ರುಚಿ, ಇದರಲ್ಲೇನು ರಾಜಕೀಯ’ ಎನ್ನುವುದು ಇನ್ನೊಂದು. ಎರಡೂ ಹೇಳುವವರ ಅನುಕೂಲಕ್ಕೆ ಇರುವ ಉತ್ತರಗಳು. ಮೊದಲನೆಯದು ತಪ್ಪನ್ನು ಸಮುದ್ರದಾಚೆಗೆ ಸಾಗಿಸುತ್ತದೆ, ಎರಡನೆಯದು ತಪ್ಪೇ ಆಗಿಲ್ಲ ಅನ್ನುತ್ತದೆ. ನನಗೆ ಕಾಣುವುದು ಬೇರೆ. ಚೆಲುವು ಯಾವುದೆಂದು ಆಯಾ ಕಾಲಕ್ಕೆ ತೀರ್ಮಾನಿಸಿದವರು ಆಯಾ ಕಾಲದಲ್ಲಿ ಆಳಿದವರು. ಮೊದಲು ನೆಲ ಮತ್ತು ಜಾತಿಯ ಒಡೆಯರು, ಆಮೇಲೆ ಅಳತೆಪಟ್ಟಿ ಹಿಡಿದು ಬಂದ ಪರಂಗಿಗಳು, ಈಗ ಕ್ರೀಮು ಮಾರುವವರು. ಹೊಸಬರು ಬಂದಾಗ ಹಳಬರು ಜಾಗ ಖಾಲಿ ಮಾಡಲಿಲ್ಲ ಅನ್ನುವುದೇ ನಮ್ಮ ಕಥೆಯ ವಿಶೇಷ. ಹೊಸಬರು ಹಳಬರ ಆಸ್ತಿಯ ಮೇಲೆಯೇ ಅಂಗಡಿ ಹಾಕಿದರು.

ಗೆಲುವಿನ ಗುಡಿಯ ಚೆಲುವೆಯರು

ಬೇಲೂರಿನ ಚೆನ್ನಕೇಶವ ದೇವಾಲಯ ಪ್ರತಿಷ್ಠಾಪನೆಯಾದದ್ದು 1117ರಲ್ಲಿ. ಹೊಯ್ಸಳ ವಿಷ್ಣುವರ್ಧನ ಚೋಳರಿಂದ ತಲಕಾಡು ಗೆದ್ದ ನೆನಪಿಗೆ ಕಟ್ಟಿಸಿದ್ದು ಎಂದು ಇತಿಹಾಸಕಾರರು ಹೇಳುವ ಗುಡಿ ಅದು. ದೇವರಿಗೆ ವಿಜಯನಾರಾಯಣ ಎಂಬ ಹೆಸರೂ ಇತ್ತು. ಆ ಗುಡಿಯ ಸೂರಿನಡಿ ಕಪ್ಪು ಬಳಪದ ಕಲ್ಲಿನ ಮದನಿಕೆಯರು ನಿಂತಿದ್ದಾರೆ. ತುಂಬಿದ ತೋಳು, ಅಗಲವಾದ ನಿತಂಬ, ಮೈತುಂಬ ಒಡವೆ. ಕನ್ನಡಿ ನೋಡಿಕೊಳ್ಳುವ ದರ್ಪಣಸುಂದರಿಯ ಮುಂದೆ ಫೋಟೊ ತೆಗೆಸಿಕೊಳ್ಳದ ಪ್ರವಾಸಿಗರಿಲ್ಲ. ಅವಳ ಮೈಕಟ್ಟಿನ ಹುಡುಗಿ ಇವತ್ತು ಯಾವುದಾದರೂ ಜಿಮ್ಮಿಗೆ ಹೋದರೆ ಮೊದಲ ದಿನವೇ ಆಹಾರದ ಪಟ್ಟಿ ಕೈಗಿಡುತ್ತಾರೆ.

ಹಾಗೆಂದು ‘ನೋಡಿ, ನಮ್ಮ ಪರಂಪರೆ ಎಷ್ಟು ಉದಾರವಾಗಿತ್ತು’ ಎಂದು ಎದೆಯುಬ್ಬಿಸುವುದೂ ಆತುರದ ಮಾತೇ. ಮದನಿಕೆಯರು ಅರಮನೆಯ ಕಣ್ಣಿಗೆ ಚೆಂದ ಕಂಡ ಹೆಂಗಸರು. ಅವರಲ್ಲಿ ನರ್ತಕಿ ಇದ್ದಾಳೆ, ಗಿಳಿಯೊಡನೆ ಮಾತಾಡುವವಳಿದ್ದಾಳೆ, ಬೇಟೆಗಾರ್ತಿಯೂ ಇದ್ದಾಳೆ. ಕೆಸರಲ್ಲಿ ಬಗ್ಗಿ ನಾಟಿ ಮಾಡುವವಳಿಲ್ಲ. ಆ ಗುಡಿಗೆ ದತ್ತಿಬಿಟ್ಟ ಗದ್ದೆಗಳಲ್ಲಿ ದುಡಿದವಳು ಅವಳೇ. ಯುದ್ಧ ಗೆದ್ದ ರಾಜ, ಗೆಲುವಿನ ಗುಡಿಯ ಮೇಲೆ ತನ್ನ ಆಸ್ಥಾನದ ಚೆಲುವನ್ನು ನಿಲ್ಲಿಸಿದ. ಅದನ್ನೇ ನಾವು ಒಂಬೈನೂರು ವರ್ಷಗಳಿಂದ ಚೆಲುವು ಎನ್ನುತ್ತಿದ್ದೇವೆ.

ಕಪ್ಪು ಬಣ್ಣವನ್ನು ನಮ್ಮ ಕಾವ್ಯ, ಪುರಾಣಗಳು ಹೀಗಳೆಯಲಿಲ್ಲ ಎನ್ನುವುದು ನಿಜ. ವ್ಯಾಸ ಕಪ್ಪು, ಅರ್ಜುನ ಕಪ್ಪು, ರಾಮ ಮತ್ತು ಕೃಷ್ಣರು ಮೋಡದ ಬಣ್ಣದವರು. ರಾಜಕುಮಾರರೆಲ್ಲ ಮುಗಿಬಿದ್ದು ಸ್ವಯಂವರಕ್ಕೆ ಬಂದ ದ್ರೌಪದಿಯ ಇನ್ನೊಂದು ಹೆಸರೇ ಕೃಷ್ಣೆ. ಆದರೆ ದೇವರಿಗೆ ಸಲ್ಲುವ ಬಣ್ಣ ಸೊಸೆಗೆ ಸಲ್ಲಲಿಲ್ಲ. ದೇವರ ಬಣ್ಣವೂ ಅಚ್ಚಿನ ಯಂತ್ರ ಬಂದ ಮೇಲೆ ಉಳಿಯಲಿಲ್ಲ. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಶುರುಮಾಡಿದ ಅಚ್ಚುಕೂಟದಿಂದ ಹೊರಟ ಲಕ್ಷ್ಮಿ, ಸರಸ್ವತಿಯರು ಹಾಲುಬಿಳುಪಿನವರಾಗಿ ಮನೆಮನೆಯ ಗೋಡೆ ಏರಿದರು. ಮುಂದೆ ಕ್ಯಾಲೆಂಡರುಗಳಲ್ಲಿ ಕೃಷ್ಣ ತಿಳಿನೀಲಿಯಾದ. 1967ರಲ್ಲಿ ಶುರುವಾದ ‘ಅಮರ ಚಿತ್ರ ಕಥಾ’ ಮಾಲಿಕೆಯ ಪುಟ ತಿರುಗಿಸಿ ನೋಡಿ: ನಾಯಕ ಬೆಳ್ಳಗೆ, ಅಸುರ ಕಪ್ಪಗೆ. ಆ ಮಾಲಿಕೆಯ ರೂವಾರಿ ಅನಂತ ಪೈ ಕಾರ್ಕಳದಲ್ಲಿ ಹುಟ್ಟಿದವರು. ಕಾರ್ಕಳದ ಗೊಮ್ಮಟ ಮಾತ್ರ ಇವತ್ತಿಗೂ ಕಪ್ಪಾಗಿಯೇ ನಿಂತಿದ್ದಾನೆ.

ಚೆಲುವಾಗಿ ಕಾಣುವುದಕ್ಕೂ ಇಲ್ಲಿ ಅಪ್ಪಣೆ ಬೇಕಿತ್ತು. ಯಾರು ಚಿನ್ನ ತೊಡಬಹುದು, ಯಾರು ಮೆಟ್ಟು ಹಾಕಬಹುದು, ಯಾರು ಎದೆ ಮುಚ್ಚಬಹುದು ಎನ್ನುವುದೆಲ್ಲ ಜಾತಿಯ ಕಟ್ಟಲೆ. ತಿರುವಾಂಕೂರಿನಲ್ಲಿ ನಾಡಾರ್ ಹೆಂಗಸರು ರವಿಕೆ ತೊಟ್ಟರೆಂದು ಬೀದಿಯಲ್ಲಿ ಹೊಡೆತ ತಿಂದರು, ಬಟ್ಟೆ ಹರಿಸಿಕೊಂಡರು. ದಶಕಗಳ ಹೋರಾಟದ ಮೇಲೆ 1859ರಲ್ಲಿ ಮಹಾರಾಜರು ಎದೆ ಮುಚ್ಚಿಕೊಳ್ಳಲು ಅಪ್ಪಣೆ ಕೊಟ್ಟರು. ಮೇಲ್ಜಾತಿಯ ಹೆಂಗಸರು ಉಡುವ ರೀತಿಯಲ್ಲಿ ಮಾತ್ರ ಉಡಕೂಡದು ಎಂಬ ಷರತ್ತು ಹಾಕಿಯೇ ಕೊಟ್ಟರು. ಇದನ್ನು ರುಚಿಯ ಮಾತು ಎನ್ನುವುದು ಹೇಗೆ?

ಬಿಸಿಲಿನ ಲೆಕ್ಕವಂತೂ ಇನ್ನೂ ನೇರ. ಹೊಲದಲ್ಲಿ ದುಡಿಯುವವರ ಮೈ ಬಿಸಿಲಿಗೆ ಕಂದುತ್ತದೆ, ತೊಟ್ಟಿಮನೆಯೊಳಗೆ ನೆರಳಲ್ಲಿರುವವರ ಮೈ ಕಂದುವುದಿಲ್ಲ. ಹಾಗಾಗಿ ಬಿಳುಪು ಎಂದರೆ ದುಡಿಯಬೇಕಿಲ್ಲದ ಮನೆತನ ಎಂಬ ರುಜುವಾತು. ಯುರೋಪಿನಲ್ಲೂ ಹೀಗೆಯೇ ಇತ್ತು. ಸಿರಿವಂತ ಹೆಂಗಸರು ಸೀಸದ ಪುಡಿಯನ್ನು ಮುಖಕ್ಕೆ ಬಳಿದುಕೊಂಡು ಬಿಳಿಚಿಕೊಳ್ಳುತ್ತಿದ್ದರು. ಕೂಲಿಕಾರರು ಹೊಲ ಬಿಟ್ಟು ಕಾರ್ಖಾನೆಯ ಸೂರಿನಡಿ ಸೇರಿದ ಮೇಲೆ, ಸಮುದ್ರ ತೀರದಲ್ಲಿ ರಜೆ ಕಳೆಯುವ ಪುರುಸೊತ್ತು ಉಳ್ಳವರಿಗಷ್ಟೇ ಉಳಿದ ಮೇಲೆ, 1920ರ ದಶಕದಿಂದ ಅಲ್ಲಿ ಮೈ ಕಂದಿಸಿಕೊಳ್ಳುವುದೇ ಫ್ಯಾಷನ್ ಆಯಿತು. ಮೆಚ್ಚುವ ಬಣ್ಣ ತಿರುಗುಮುರುಗಾಯಿತು, ಮೆಚ್ಚುಗೆ ಪಡೆಯುವ ವರ್ಗ ಬದಲಾಗಲಿಲ್ಲ. ಇಲ್ಲಿ ಮಾತ್ರ ದುಡಿಮೆ ಬಿಸಿಲಲ್ಲೇ ಉಳಿಯಿತು. ‘ಬಿಸಿಲಿಗೆ ಹೋಗ್ಬೇಡ ಕಣೇ, ಕರ್ರಗಾಗ್ತೀಯ’ ಎಂಬ ಅಜ್ಜಿಯ ಗದರಿಕೆಯೂ ಉಳಿಯಿತು.

ಮೂಗಿನ ಅಳತೆ

ಬ್ರಿಟಿಷರು ಬಿಳುಪಿನ ಮೋಹವನ್ನು ಹೊತ್ತು ತರಲಿಲ್ಲ, ಇಲ್ಲಿ ಇದ್ದದ್ದಕ್ಕೆ ವಿಜ್ಞಾನದ ಮೊಹರು ಒತ್ತಿದರು. ಈ ಕೆಲಸದಲ್ಲಿ ಮುಂದೆ ನಿಂತವನು ಹರ್ಬರ್ಟ್ ರಿಸ್ಲೆ ಎಂಬ ಐಸಿಎಸ್ ಅಧಿಕಾರಿ. ಮೂಗಿನ ಅಗಲವನ್ನು ಅದರ ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬರುವ ಸಂಖ್ಯೆಯೇ ನಾಸಿಕ ಸೂಚ್ಯಂಕ. ಬಂಗಾಳದಲ್ಲಿ ಮೂಗುಗಳನ್ನು ಅಳೆಸಿದ ರಿಸ್ಲೆ, ಮೂಗು ಅಗಲವಾದಷ್ಟೂ ಜಾತಿ ಕೆಳಗಿರುತ್ತದೆ ಎಂದು ಸಾರಿದ. 1901ರ ಜನಗಣತಿಗೆ ಅವನೇ ಆಯುಕ್ತ. ಜಾತಿಗಳನ್ನು ಸಾಮಾಜಿಕ ಅಂತಸ್ತಿನ ಪ್ರಕಾರ ಮೇಲಿಂದ ಕೆಳಕ್ಕೆ ಪಟ್ಟಿ ಮಾಡಿ ಎಂದು ಆಜ್ಞೆಯಾಯಿತು. ‘ನಮ್ಮನ್ನು ಇನ್ನೊಂದು ಮೆಟ್ಟಿಲು ಮೇಲೆ ಬರೆಯಿರಿ’ ಎಂದು ಜಾತಿ ಸಂಘಗಳ ಅರ್ಜಿಗಳು ಸರ್ಕಾರಿ ಕಚೇರಿಗಳಲ್ಲಿ ರಾಶಿ ಬಿದ್ದವು. ದೊರೆಯ ಅಳತೆಪಟ್ಟಿಯನ್ನು ನಾವು ಎಷ್ಟು ಬೇಗ ಒಪ್ಪಿದೆವು ಎನ್ನುವುದಕ್ಕೆ ಆ ಅರ್ಜಿಗಳೇ ಸಾಕ್ಷಿ.

ದಕ್ಷಿಣದಲ್ಲಿ ಇದೇ ಕೆಲಸ ಮಾಡಿದವನು ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯದ ಮೇಲ್ವಿಚಾರಕ ಎಡ್ಗರ್ ಥರ್ಸ್ಟನ್. ಅವನ ಏಳು ಸಂಪುಟಗಳು 1909ರಲ್ಲಿ ಬಂದವು. ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡ, ಬಳ್ಳಾರಿಗಳ ಜಾತಿಗಳೂ ಅವುಗಳಲ್ಲಿ ಅಕಾರಾದಿಯಾಗಿ ಕೂತಿವೆ. ಮೈಸೂರು ಸಂಸ್ಥಾನದಲ್ಲಿ ಜನಾಂಗ ಸಮೀಕ್ಷೆಯ ಹೊಣೆ ಎಚ್.ವಿ. ನಂಜುಂಡಯ್ಯನವರ ಹೆಗಲಿಗೆ ಬಿತ್ತು. ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರೂ ಮೈಸೂರು ವಿಶ್ವವಿದ್ಯಾಲಯದ ಮೊದಲ ಕುಲಪತಿಯೂ ಆದ ದೊಡ್ಡ ವಿದ್ವಾಂಸರು ಅವರು. ಅವರ ಬರಹದಿಂದ ನಮಗೆ ಹಬ್ಬ, ಮದುವೆ, ನಂಬಿಕೆಗಳ ಅಮೂಲ್ಯ ವಿವರಗಳು ಸಿಕ್ಕಿವೆ, ಅದನ್ನು ಅಲ್ಲಗಳೆಯಲಾಗದು. ಆದರೆ ಮನುಷ್ಯರನ್ನು ನಮೂನೆಗಳಾಗಿ ಜೋಡಿಸಿಡುವ ಆ ಚೌಕಟ್ಟು ಸಾಮ್ರಾಜ್ಯದ್ದು.

ರಿಸ್ಲೆಯ ಸಿದ್ಧಾಂತ ಮುರಿದುಬಿದ್ದ ಬಗೆ ಇನ್ನೂ ಸ್ವಾರಸ್ಯದ್ದು. ಸಮಾಜಶಾಸ್ತ್ರಜ್ಞ ಜಿ.ಎಸ್. ಘುರ್ಯೆ 1932ರಲ್ಲಿ ಆ ಅಂಕಿಗಳನ್ನೇ ಮತ್ತೆ ಲೆಕ್ಕ ಹಾಕಿ ನೋಡಿದರು. ಉತ್ತರದ ಒಂದು ಪ್ರದೇಶ ಬಿಟ್ಟರೆ ಉಳಿದೆಡೆ ಮೂಗಿಗೂ ಜಾತಿಗೂ ತಾಳೆಯಾಗಲಿಲ್ಲ. 1948ರಲ್ಲಿ ಅಂಬೇಡ್ಕರ್ ಅಸ್ಪೃಶ್ಯರ ಮೂಲ ಕುರಿತ ತಮ್ಮ ಪುಸ್ತಕದಲ್ಲಿ ಆ ಮೂಗಿನ ಅಳತೆಗಳನ್ನೇ ಮುಂದಿಟ್ಟು, ಬ್ರಾಹ್ಮಣರೂ ಅಸ್ಪೃಶ್ಯರೂ ಬೇರೆ ಜನಾಂಗದವರಲ್ಲ ಎಂದು ವಾದಿಸಿದರು. ಆಳುವವರ ಆಯುಧ ಕಸಿದು ಅವರ ಮೇಲೆಯೇ ಝಳಪಿಸುವುದೆಂದರೆ ಇದು.

ಪುಸ್ತಕ ಓದದವರ ಮನೆಗೆ ಸಾಮ್ರಾಜ್ಯ ಸೋಪಿನ ಜತೆ ಬಂತು. ಪೇರ್ಸ್ ಸೋಪಿನ ಹತ್ತೊಂಬತ್ತನೇ ಶತಮಾನದ ಜಾಹೀರಾತೊಂದರಲ್ಲಿ ಕಪ್ಪು ಹುಡುಗನೊಬ್ಬ ಸ್ನಾನದ ತೊಟ್ಟಿಗಿಳಿದು ಎದ್ದಾಗ ಕತ್ತಿನ ಕೆಳಗೆಲ್ಲ ಬೆಳ್ಳಗಾಗಿರುತ್ತಾನೆ. ಕೊಳೆ ಮತ್ತು ಕಪ್ಪು ಒಂದೇ ಎಂದು ಹೇಳಲು ಒಂದು ಅಕ್ಷರವೂ ಬೇಕಾಗಲಿಲ್ಲ.

ಇಷ್ಟೆಲ್ಲ ಗದ್ದಲಕ್ಕೆ ಕಾರಣವಾದ ಆ ಬಣ್ಣ ದೇಹದೊಳಗೆ ಎಷ್ಟು ಸಣ್ಣ ಸಂಗತಿ ನೋಡಿ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಿಸುವ ಕೋಶಗಳು ಎಲ್ಲ ಮನುಷ್ಯರಲ್ಲೂ ಹೆಚ್ಚುಕಡಿಮೆ ಅಷ್ಟೇ ಇವೆ. ಅವು ತಯಾರಿಸುವ ಮೆಲನಿನ್ನಿನ ಪ್ರಮಾಣ, ಬಗೆ ಮತ್ತು ಹಂಚಿಕೆಯಲ್ಲಷ್ಟೇ ವ್ಯತ್ಯಾಸ. ಸೂರ್ಯನ ನೇರಳಾತೀತ ಕಿರಣ ಹೆಚ್ಚಿರುವ ಕಡೆ ಕಪ್ಪು ಚರ್ಮ ರಕ್ಷಣೆ ಕೊಟ್ಟಿತು, ಬಿಸಿಲು ಕಡಿಮೆ ಇರುವ ಕಡೆ ಬಿಳಿ ಚರ್ಮ ವಿಟಮಿನ್ ಡಿ ತಯಾರಿಗೆ ಒದಗಿತು. ತಿಳಿ ಬಣ್ಣಕ್ಕೆ ಕಾರಣವಾಗುವ ಎಸ್‌ಎಲ್‌ಸಿ24ಎ5 ಎಂಬ ವಂಶವಾಹಿಯ ರೂಪಾಂತರವನ್ನು ಹೈದರಾಬಾದಿನ ಸಿಸಿಎಂಬಿಯ ವಿಜ್ಞಾನಿಗಳಿದ್ದ ತಂಡವೊಂದು 2013ರಲ್ಲಿ ಭಾರತದ ಉದ್ದಗಲಕ್ಕೂ ಹುಡುಕಿತು. ಅದು ಉತ್ತರದಲ್ಲೂ ಇತ್ತು, ದಕ್ಷಿಣದಲ್ಲೂ ಇತ್ತು. ಯುರೋಪಿನವರಲ್ಲಿರುವುದಕ್ಕೂ ಇದಕ್ಕೂ ಮೂಲ ಒಂದೇ. ಆರ್ಯ, ದ್ರಾವಿಡ ಎಂದು ಚರ್ಮ ನೋಡಿ ಗೆರೆ ಎಳೆಯುವವರಿಗೆ ಇದರಿಂದ ಏನೂ ಪ್ರಯೋಜನವಿಲ್ಲ.

ಒಂದೇ ವರ್ಷ, ಎರಡು ಬಿಡುಗಡೆ

ದೇಶ ಸ್ವತಂತ್ರವಾದ ಮೇಲೆ ಬಣ್ಣದ ವ್ಯಾಪಾರ ಕುಗ್ಗಬೇಕಿತ್ತು ಎಂದು ಈಗ ಅನ್ನಿಸಬಹುದು. ಆದದ್ದು ಬೇರೆ. ಮುಂಬೈಯ ‘ಅಫ್ಘಾನ್ ಸ್ನೋ’ ಕ್ರೀಮು ಆಗಲೇ ಡ್ರೆಸ್ಸಿಂಗ್ ಟೇಬಲ್ಲುಗಳ ಮೇಲಿತ್ತು. ವಿದೇಶಿ ಪ್ರಸಾಧನಗಳಿಗೆ ಹೊರಹೋಗುವ ದುಡ್ಡು ಉಳಿಸಲೆಂದು ಟಾಟಾದವರು 1952ರಲ್ಲಿ ಲ್ಯಾಕ್ಮೆ ಶುರುಮಾಡಿದರು. ಇವೆಲ್ಲ ಪೇಟೆಯ, ಉಳ್ಳವರ ಮಾತು. ಹಳ್ಳಿಯವರ ಕೈಗೂ ಬಿಳುಪಿನ ಆಸೆಯನ್ನು ಇಟ್ಟದ್ದು ಹಿಂದೂಸ್ತಾನ್ ಲಿವರ್ ಕಂಪನಿ 1975ರಲ್ಲಿ ತಂದ ಫೇರ್ ಅಂಡ್ ಲವ್ಲಿ. ಅದರ ಮುಖ್ಯ ಸರಕು ನಯಾಸಿನಮೈಡ್ ಎಂಬ ಬಿ3 ವಿಟಮಿನ್ನಿನ ರೂಪ. ಮೆಲನಿನ್ ಚರ್ಮದ ಮೇಲ್ಪದರಕ್ಕೆ ಸಾಗುವುದನ್ನು ಅದು ಸ್ವಲ್ಪ ತಡೆಯುತ್ತದೆ. ಆ ಸ್ವಲ್ಪವನ್ನು ಬದುಕೇ ಬದಲಾಗುತ್ತದೆ ಎಂದು ಮಾರುವುದು ಜಾಹೀರಾತಿನವರ ಕೆಲಸವಾಯಿತು.

ಅದೇ 1975ರಲ್ಲಿ ಕನ್ನಡದಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆ ಮಾದಿಗರ ಹಾಡು’ ಬಂತು. ಯಾವ ಮೈಯನ್ನು ಕೆಳಜಾತಿಯ, ಕೂಲಿಯ ಮೈ ಎಂದು ಕಡೆಗಣಿಸಲಾಗಿತ್ತೋ ಆ ಮೈ ಕಾವ್ಯದ ನಡುಮನೆಗೆ ಬಂದು ನಿಂತಿತು. ಸಂಸ್ಕೃತ ಕಾವ್ಯದ ಉಪಮೆಗಳಲ್ಲಿ ಪಳಗಿದ್ದ ಓದುಗರಿಗೆ ಅದು ಸಣ್ಣ ಆಘಾತವಲ್ಲ. ಲಂಕೇಶರ ‘ಅವ್ವ’ ಕವಿತೆಯೂ ಆ ಹೊತ್ತಿಗೆ ಓದುಗರ ಬಾಯಲ್ಲಿತ್ತು. ಕನ್ನಡ ಸಾಹಿತ್ಯ ಚೆಲುವಿನ ಯಜಮಾನಿಕೆಯನ್ನು ಪ್ರಶ್ನಿಸಿದ ದಶಕ ಅದು. ಕವನ ಸಂಕಲನದ ಪ್ರತಿಗಳು ಸಾವಿರದ ಲೆಕ್ಕದಲ್ಲಿ ಹೋಗುತ್ತವೆ, ಕ್ರೀಮಿನ ಟ್ಯೂಬುಗಳು ಕೋಟಿಯ ಲೆಕ್ಕದಲ್ಲಿ. ಆದರೂ ಒಂದೇ ವರ್ಷದಲ್ಲಿ ನಮಗೆ ಎರಡು ದಾರಿಗಳು ತೆರೆದಿದ್ದವು ಎನ್ನುವುದನ್ನು ಮರೆಯಬಾರದು.

ಟೆಲಿವಿಷನ್ ಬಂದ ಮೇಲೆ ಆ ಕ್ರೀಮಿನ ಕಥೆಗಳು ಹೆಚ್ಚು ಧೈರ್ಯ ಮಾಡಿದವು. ಕಪ್ಪು ಹುಡುಗಿಗೆ ವರ ಸಿಗದು ಎಂಬುದು ಹಳೆಯ ಕಥೆ. ಹೊಸದರಲ್ಲಿ ಅವಳಿಗೆ ಕೆಲಸವೂ ಸಿಗದು. ಅಪ್ಪ ‘ಮಗನಿದ್ದಿದ್ದರೆ’ ಎಂದು ನಿಟ್ಟುಸಿರು ಬಿಡುತ್ತಾನೆ, ಮಗಳು ಕ್ರೀಮು ಹಚ್ಚಿ ಗಗನಸಖಿಯಾಗುತ್ತಾಳೆ. ಇನ್ನೊಂದರಲ್ಲಿ ಕ್ರಿಕೆಟ್ ವೀಕ್ಷಕ ವಿವರಣೆಗಾರ್ತಿಯಾಗುತ್ತಾಳೆ. ಹೆಣ್ಣು ದುಡಿದು ತನ್ನ ಕಾಲ ಮೇಲೆ ನಿಲ್ಲಬೇಕು ಎಂಬ ಮಹಿಳಾ ಚಳವಳಿಯ ಮಾತನ್ನೇ ಕಂಪನಿ ತನ್ನ ಬಂಡವಾಳ ಮಾಡಿಕೊಂಡಿತು. ಅಖಿಲ ಭಾರತ ಜನವಾದಿ ಮಹಿಳಾ ಸಂಘಟನೆ ದೂರು ಕೊಟ್ಟು ಬೆನ್ನುಹತ್ತಿದ ಮೇಲೆ, 2003ರಲ್ಲಿ ಕೇಂದ್ರ ವಾರ್ತಾ ಇಲಾಖೆ ಮಧ್ಯೆ ಬಂದು, ಅಂಥ ಜಾಹೀರಾತುಗಳು ನಿಂತವು. ಅದೇ ವರ್ಷ ಅದೇ ಬ್ರಾಂಡಿನ ಹೆಸರಲ್ಲಿ ಹೆಣ್ಣುಮಕ್ಕಳ ವಿದ್ಯಾರ್ಥಿವೇತನದ ಪ್ರತಿಷ್ಠಾನವೊಂದು ಹುಟ್ಟಿತು.

ಬೆಂಗಳೂರಿನಲ್ಲಿ ವಿಶ್ವಸುಂದರಿ

1991ರಲ್ಲಿ ದೇಶ ಮಾರುಕಟ್ಟೆಯ ಬಾಗಿಲು ತೆರೆಯಿತು. 1994ರಲ್ಲಿ ಸುಷ್ಮಿತಾ ಸೇನ್ ಭುವನಸುಂದರಿಯಾದರು, ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ ವಿಶ್ವಸುಂದರಿಯಾದರು. ಲೋರಿಯಲ್, ರೆವ್ಲಾನ್‌ನಂಥ ಬಹುರಾಷ್ಟ್ರೀಯ ಕಂಪನಿಗಳು ಇಲ್ಲಿ ಅಂಗಡಿ ತೆರೆದದ್ದೂ ಸರಿಸುಮಾರು ಅದೇ ಹೊತ್ತಿಗೆ. 1966ರಲ್ಲಿ ರೀಟಾ ಫಾರಿಯಾ ವಿಶ್ವಸುಂದರಿ ಪಟ್ಟ ಗೆದ್ದ ಮೇಲೆ ಸುಮಾರು ಮೂರು ದಶಕ ಕಾಣದ ಭಾರತದ ಚೆಲುವು ತೀರ್ಪುಗಾರರ ಕಣ್ಣಿಗೆ ಒಮ್ಮೆಲೇ ಕಂಡದ್ದು ಕಾಕತಾಳೀಯ ಇರಬಹುದು. ನಾನು ನಂಬುವುದಿಲ್ಲ.

1996ರ ನವೆಂಬರ್ 23ರಂದು ವಿಶ್ವಸುಂದರಿ ಸ್ಪರ್ಧೆ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣಕ್ಕೇ ಬಂತು. ನಡೆಸಿದ್ದು ಅಮಿತಾಭ್ ಬಚ್ಚನ್ ಅವರ ಕಂಪನಿ. ಮುಖ್ಯಮಂತ್ರಿ ಜೆ.ಎಚ್. ಪಟೇಲರು ಸ್ಪರ್ಧೆಯ ಬೆನ್ನಿಗೆ ನಿಂತರು. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ಬಹುರಾಷ್ಟ್ರೀಯ ಕಂಪನಿಗಳ ದಂಡಯಾತ್ರೆ ಎಂದು ವಿರೋಧಿಸಿತು. ಬಿಜೆಪಿಯ ಪ್ರಮೀಳಾ ನೇಸರ್ಗಿ ಸಂಸ್ಕೃತಿಗೆ ಅಪಚಾರ ಎಂದು ಕೋರ್ಟಿಗೆ ಹೋದರು. ಎಡಪಂಥದ ಮಹಿಳಾ ಸಂಘಟನೆಗಳು ಹೆಣ್ಣಿನ ದೇಹವನ್ನು ಸರಕು ಮಾಡುತ್ತಿದ್ದಾರೆ ಎಂದು ಬೀದಿಗಿಳಿದವು. ಇನ್ನೊಂದು ಗುಂಪು ಆತ್ಮಾಹುತಿಯ ಬೆದರಿಕೆ ಹಾಕಿತು. ಮಧುರೆಯಲ್ಲಿ ಯುವಕನೊಬ್ಬ ನಿಜಕ್ಕೂ ಮೈಗೆ ಬೆಂಕಿ ಹಚ್ಚಿಕೊಂಡು ಸತ್ತ. ಈಜುಡುಗೆಯ ಸುತ್ತನ್ನು ಸೆಷೆಲ್ಸ್ ದ್ವೀಪಕ್ಕೆ ಒಯ್ದರು. ಕೊನೆಗೆ ಸಾವಿರಾರು ಪೊಲೀಸರ ಕಾವಲಿನಲ್ಲಿ ಗ್ರೀಸಿನ ಐರೀನ್ ಸ್ಕ್ಲೀವಾ ಕಿರೀಟ ತೊಟ್ಟರು. ಬಚ್ಚನ್ ಕಂಪನಿಗೆ ನಷ್ಟವಾಯಿತು.

ಆ ಗಲಾಟೆಯನ್ನು ಈಗ ಹಿಂದಿರುಗಿ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಮಾರುಕಟ್ಟೆಯವರು ಹೆಣ್ಣು ಎಷ್ಟು ಬಟ್ಟೆ ಕಳಚಬೇಕು ಎಂದು ಹೇಳುತ್ತಿದ್ದರು, ಸಂಸ್ಕೃತಿಯವರು ಎಷ್ಟು ಉಟ್ಟಿರಬೇಕು ಎಂದು ಹೇಳುತ್ತಿದ್ದರು. ಬಟ್ಟೆಯ ಮೇಲೆ ನಡೆದಷ್ಟು ಜಗಳ ಬಣ್ಣದ ಮೇಲೆ ನಡೆಯಲಿಲ್ಲ. ಹೆಣ್ಣು ಬೆಳ್ಳಗಿರಬೇಕು ಎಂಬುದರಲ್ಲಿ ಇಬ್ಬರಿಗೂ ತಕರಾರಿದ್ದಂತೆ ಕಾಣಲಿಲ್ಲ. ಪ್ರೊಫೆಸರ್ ನಂಜುಂಡಸ್ವಾಮಿಯವರ ವಾದವೇ ಅವತ್ತು ವಿಷಯಕ್ಕೆ ಹೆಚ್ಚು ಹತ್ತಿರವಿತ್ತು ಎಂದು ನನ್ನ ಅನಿಸಿಕೆ. ಕಿರೀಟದ ಹಿಂದೆ ಬರುವ ಸಾಮಾನಿನ ಬಂಡಿಯನ್ನು ಅವರು ಸರಿಯಾಗಿ ಗುರುತಿಸಿದ್ದರು.

ತೀರ್ಪು ಕೊಡುವ ಚಟ ಆಮೇಲೆ ರಾಜಕಾರಣಿಗಳಿಗೂ ಹತ್ತಿತು. 2018ರಲ್ಲಿ ತ್ರಿಪುರಾದ ಅಂದಿನ ಮುಖ್ಯಮಂತ್ರಿ ಬಿಪ್ಲಬ್ ದೇಬ್, ಐಶ್ವರ್ಯಾ ರೈ ಭಾರತೀಯ ಹೆಣ್ಣಿನ ಪ್ರತಿನಿಧಿ ಎಂದು ಹೊಗಳಿ, 1997ರಲ್ಲಿ ವಿಶ್ವಸುಂದರಿಯಾದ ಡಯಾನಾ ಹೇಡನ್ ಗೆದ್ದದ್ದು ಹೇಗೆಂದು ಕೇಳಿದರು. ಕಂದು ಬಣ್ಣದವಳೆಂಬ ಹೀಗಳಿಕೆಯನ್ನು ಚಿಕ್ಕಂದಿನಿಂದ ಎದುರಿಸಿಕೊಂಡೇ ಬಂದವಳು ತಾನು ಎಂದು ಹೇಡನ್ ತಿರುಗಿಸಿ ಕೊಟ್ಟರು. ಮುಖ್ಯಮಂತ್ರಿ ವಿಷಾದ ವ್ಯಕ್ತಪಡಿಸಬೇಕಾಯಿತು. ತೆಲುಗು ಮೂಲದ ನೀನಾ ದಾವುಲೂರಿ 2013ರಲ್ಲಿ ಮಿಸ್ ಅಮೆರಿಕ ಆದಾಗ ಅಲ್ಲಿ ಕೆಲವರು ‘ಇವಳು ಅಮೆರಿಕದವಳೇ ಅಲ್ಲ’ ಎಂದು ಕೂಗಾಡಿದರು. ಇಲ್ಲಿಯ ಮಾತು ಬೇರೆಯಿತ್ತು: ಇಷ್ಟು ಕಪ್ಪಿರುವ ಹುಡುಗಿ ಮಿಸ್ ಇಂಡಿಯಾ ಆಗಲು ಸಾಧ್ಯವೇ ಇರಲಿಲ್ಲ. ಹಾಗೆ ಹೇಳಿದವರು ಸುಳ್ಳು ಹೇಳಲಿಲ್ಲ. 2019ರಲ್ಲಿ ಮಿಸ್ ಇಂಡಿಯಾದ ಅಂತಿಮ ಸುತ್ತಿನ ಹುಡುಗಿಯರ ಚಿತ್ರಗಳು ಪತ್ರಿಕೆಯಲ್ಲಿ ಒಟ್ಟಿಗೆ ಅಚ್ಚಾದಾಗ ದೇಶದ ಬೇರೆ ಬೇರೆ ರಾಜ್ಯಗಳಿಂದ ಬಂದವರೆಲ್ಲ ಒಂದೇ ಬಣ್ಣಕ್ಕಿದ್ದರು.

ಗಂಡಸರ ಕಥೆ ಸ್ವಲ್ಪ ಬೇರೆ. ನಮ್ಮ ಸಿನಿಮಾದಲ್ಲಿ ಕಪ್ಪು ನಾಯಕನಿಗೆ ಜಾಗವಿದೆ, 2003ರಲ್ಲಿ ದರ್ಶನ್ ಅಭಿನಯಿಸಿದ ಚಿತ್ರದ ಹೆಸರೇ ‘ಕರಿಯ’. ಅವನ ಕಪ್ಪು ಒರಟುತನದ, ಮಣ್ಣಿನ ಮಗನ ಗುರುತಾಗುತ್ತದೆ. ‘ಕರಿಯ’ನ ಎದುರು ‘ಕರಿಯಿ’ಯನ್ನು ನಾಯಕಿ ಮಾಡಲು ಯಾವ ನಿರ್ಮಾಪಕ ದುಡ್ಡು ಹಾಕುತ್ತಾನೆ? ಅವಳನ್ನು ಹುಡುಕಲು ಮುಂಬೈಗೇ ಹೋಗುತ್ತಾರೆ. ಗಂಡಸರ ಮುಖವೂ ಮಾರುಕಟ್ಟೆಯೇ ಎಂದು ಕಂಡುಕೊಂಡ ಇಮಾಮಿ ಕಂಪನಿ 2005ರಲ್ಲಿ ಫೇರ್ ಅಂಡ್ ಹ್ಯಾಂಡ್‌ಸಮ್ ತಂದಿತು, ಶಾರುಕ್ ಖಾನ್ ಅದಕ್ಕೆ ಮುಖವಾದರು. ಸಮಾನತೆ ನಮ್ಮಲ್ಲಿ ಕೆಲವೊಮ್ಮೆ ಇಂಥ ಅಡ್ಡದಾರಿಯಲ್ಲೂ ಬರುತ್ತದೆ.

ಬಣ್ಣ ನೋಡುವ ಕ್ಯಾಮೆರಾ ಕೂಡ ಪಕ್ಷಪಾತಿಯೇ. ಕೊಡಾಕ್ ಕಂಪನಿ ಬಣ್ಣದ ಫಿಲ್ಮನ್ನು ತಾಳೆ ನೋಡಲು ಫೋಟೊ ಲ್ಯಾಬುಗಳಿಗೆ ಕಳಿಸುತ್ತಿದ್ದ ‘ಶರ್ಲಿ ಕಾರ್ಡು’ಗಳಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿ ಹೆಂಗಸಿನ ಚಿತ್ರ. ಅವಳ ಚರ್ಮ ಸರಿಯಾಗಿ ಬಂದರೆ ಫಿಲ್ಮು ಸರಿ. ಕಂದು ಬಣ್ಣಗಳು ಮಸಿಯಾಗುತ್ತವೆ ಎಂಬ ದೂರಿಗೆ ಕಂಪನಿ ಕಿವಿಗೊಟ್ಟದ್ದು ಚಾಕೊಲೇಟ್ ಮತ್ತು ಮರದ ಪೀಠೋಪಕರಣ ತಯಾರಕರು ಗೊಣಗಿದ ಮೇಲೆ ಎಂದು ಕೆನಡಾದ ಸಂಶೋಧಕಿ ಲೋರ್ನಾ ರಾತ್ ದಾಖಲಿಸಿದ್ದಾರೆ. ಕಂಪ್ಯೂಟರು ಬಂದರೂ ಚಾಳಿ ಬಿಡಲಿಲ್ಲ. ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ಮೂರು ಕಂಪನಿಗಳ ತಂತ್ರಾಂಶಗಳನ್ನು ಸಂಶೋಧಕಿಯರಾದ ಜಾಯ್ ಬುಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು 2018ರಲ್ಲಿ ಪರೀಕ್ಷಿಸಿದರು. ಬಿಳಿ ಗಂಡಸರಲ್ಲಿ ತಪ್ಪು ಹೆಚ್ಚೆಂದರೆ ಶೇ 0.8, ಕಪ್ಪು ಹೆಂಗಸರಲ್ಲಿ ಶೇ 34.7ರವರೆಗೆ. ನಮ್ಮ ಮೊಬೈಲುಗಳಿಗೆ ‘ಬ್ಯೂಟಿ’ ಎಂದರೆ ಏನೆಂದು ಯಾರು ಕಲಿಸಿದರೋ, ಗುಂಡಿ ಒತ್ತಿದರೆ ಮುಖ ಬೆಳ್ಳಗಾಗುತ್ತದೆ.

ಹೆಸರು ಬದಲಾದ ಮೇಲೆ

2020ರ ಮೇ ತಿಂಗಳಲ್ಲಿ ಅಮೆರಿಕದ ಪೊಲೀಸನೊಬ್ಬ ಜಾರ್ಜ್ ಫ್ಲಾಯ್ಡ್ ಕತ್ತಿನ ಮೇಲೆ ಮಂಡಿಯೂರಿ ಕೊಂದ. ಜಗತ್ತೆಲ್ಲ ಬೀದಿಗಿಳಿಯಿತು. ಜೂನಿನಲ್ಲಿ ಶಾದಿ ಡಾಟ್ ಕಾಮ್ ತನ್ನ ತಾಣದಿಂದ ಮೈಬಣ್ಣ ಸೋಸುವ ಸೌಲಭ್ಯವನ್ನು ತೆಗೆಯಿತು. ಜುಲೈ ಹೊತ್ತಿಗೆ ಫೇರ್ ಅಂಡ್ ಲವ್ಲಿ ‘ಗ್ಲೋ ಅಂಡ್ ಲವ್ಲಿ’ ಆಯಿತು. ಚೆನ್ನೈಯ ‘ವಿಮೆನ್ ಆಫ್ ವರ್ತ್’ ಸಂಸ್ಥೆ 2009ರಿಂದ ‘ಡಾರ್ಕ್ ಈಸ್ ಬ್ಯೂಟಿಫುಲ್’ ಎಂದು ಕೂಗುತ್ತಿತ್ತು, ನಟಿ ನಂದಿತಾ ದಾಸ್ ಅದಕ್ಕೆ ದನಿಗೂಡಿಸಿದ್ದರು. ಕಪ್ಪು ಬಣ್ಣದವರನ್ನು ಕೀಳಾಗಿ, ದುಃಖಿಗಳಾಗಿ ತೋರಿಸಬಾರದು ಎಂದು ಜಾಹೀರಾತು ಮಾನಕ ಮಂಡಳಿ 2014ರಲ್ಲೇ ನಿಯಮ ಮಾಡಿತ್ತು. ಅಷ್ಟಕ್ಕೂ ಬದಲಾಗದ ಹೆಸರು ಮಿನ್ನಿಯಾಪೊಲಿಸ್‌ನಲ್ಲಿ ಒಂದು ಜೀವ ಹೋದ ಮೇಲೆ ಬದಲಾಯಿತು. ಟ್ಯೂಬು ಅದೇ ಗುಲಾಬಿ ಬಣ್ಣದ್ದು.

2025ರ ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರದ ಸಾಬೂನು ಸಂಸ್ಥೆ ಮೈಸೂರು ಸ್ಯಾಂಡಲ್ ಸೋಪಿನ ರಾಯಭಾರಿಯಾಗಿ ಎರಡು ವರ್ಷಕ್ಕೆ 6.20 ಕೋಟಿ ರೂಪಾಯಿಗೆ ಮುಂಬೈಯ ನಟಿ ತಮನ್ನಾ ಭಾಟಿಯಾ ಅವರನ್ನು ಗೊತ್ತುಮಾಡಿದಾಗ ದೊಡ್ಡ ರಂಪವಾಯಿತು. ಕನ್ನಡದ ನಟಿಯರಿರಲಿಲ್ಲವೇ ಎಂಬುದು ಪ್ರಶ್ನೆ. ಹೊರರಾಜ್ಯಗಳ ಮಾರುಕಟ್ಟೆ ಬೇಕಲ್ಲವೇ ಎಂಬುದು ಸಚಿವ ಎಂ.ಬಿ. ಪಾಟೀಲರ ಉತ್ತರ. ಎರಡೂ ನ್ಯಾಯವಾದ ಮಾತುಗಳೇ, ನಟಿಯ ತಪ್ಪು ಇದರಲ್ಲಿ ಏನೂ ಇಲ್ಲ. ಆದರೆ ಈ ಸೋಪು ಹುಟ್ಟಿದ್ದು ಮೊದಲ ಮಹಾಯುದ್ಧದಲ್ಲಿ ರಫ್ತಾಗದೆ ಉಳಿದ ಗಂಧದ ಮರದಿಂದ, ಮಾರಿದ್ದು ಪರಿಮಳವನ್ನು. ಅದು ಬಿಳುಪಿನ ಆಸೆ ತೋರಿಸಿ ಬೆಳೆದ ಸರಕಲ್ಲ. ಸರ್ಕಾರಿ ಸಂಸ್ಥೆಯೊಂದು ಕಪ್ಪು ಮೈಬಣ್ಣದ ಕನ್ನಡತಿಯನ್ನು ಪೊಟ್ಟಣದ ಮೇಲೆ ತಂದಿದ್ದರೆ ಖಾಸಗಿ ಕಂಪನಿಗಳು ಮಾಡದ ಕೆಲಸವನ್ನು ಮಾಡಿದಂತಾಗುತ್ತಿತ್ತು. ಆ ಅವಕಾಶ ಈಗಲೂ ಇದೆ.

ಇಷ್ಟು ಹೊತ್ತು ಮಾತಾಡಿದ್ದು ಮಾನದ ಮಾತು. ಪ್ರಾಣದ ಮಾತೂ ಇದೆ. ಬೇಗ ಬೆಳ್ಳಗಾಗಿಸುವ ಕಳ್ಳಪೇಟೆಯ ಕ್ರೀಮುಗಳಲ್ಲಿ ಪಾದರಸ ಇರುತ್ತದೆ. ಅದು ಮೆಲನಿನ್ ತಯಾರಾಗುವುದನ್ನೇ ತಡೆಯುತ್ತದೆ, ಚರ್ಮದ ಮೂಲಕ ಒಳಹೊಕ್ಕು ಮೂತ್ರಪಿಂಡವನ್ನು ಹಾಳುಮಾಡುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯ ವೈದ್ಯರು 2021ರಿಂದ 2023ರ ನಡುವೆ ಅಪರೂಪದ ಒಂದು ಬಗೆಯ ಮೂತ್ರಪಿಂಡದ ಕಾಯಿಲೆಯ 15 ರೋಗಿಗಳನ್ನು ಕಂಡರು. ಅವರಲ್ಲಿ 13 ಮಂದಿ ಬಿಳುಪಿನ ಕ್ರೀಮು ಹಚ್ಚುತ್ತಿದ್ದವರು. ಸ್ಟಿರಾಯ್ಡ್ ಇರುವ ಮುಲಾಮುಗಳದ್ದು ಇನ್ನೊಂದು ಕಥೆ. ಇಸುಬಿಗೋ ಬಂಗಿಗೋ ವೈದ್ಯರು ಬರೆದುಕೊಟ್ಟ ಟ್ಯೂಬು ಒಂದು ವಾರದಲ್ಲಿ ಮುಖ ತಿಳಿಯಾಗಿಸಿತೆಂದು ಅಕ್ಕತಂಗಿಯರು, ಗೆಳತಿಯರು ಹಂಚಿಕೊಂಡು ತಿಂಗಳುಗಟ್ಟಲೆ ಹಚ್ಚುತ್ತಾರೆ. ಆಮೇಲೆ ಚರ್ಮ ತೆಳುವಾಗುತ್ತದೆ, ಕೆಂಪು ನರಗಳು ಕಾಣುತ್ತವೆ, ಮೊಡವೆ ಏಳುತ್ತವೆ, ಮುಖದ ಮೇಲೆ ಕೂದಲು ಬೆಳೆಯುತ್ತದೆ, ಬಿಟ್ಟರೆ ಉರಿ. ಚರ್ಮವೈದ್ಯರ ಸಂಘದ ಒತ್ತಾಯದ ಮೇಲೆ ಕೇಂದ್ರ ಸರ್ಕಾರ 2018ರಲ್ಲಿ ಇಂಥ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ ಎಂದು ನಿಯಮ ಮಾಡಿತು. ಮೈ ಬೆಳ್ಳಗೆ ಮಾಡುತ್ತೇವೆ ಎಂಬ ಜಾಹೀರಾತುಗಳಿಗೆ ಜೈಲು, ದಂಡ ವಿಧಿಸುವ ಕರಡು ತಿದ್ದುಪಡಿ 2020ರ ಫೆಬ್ರುವರಿಯಲ್ಲಿ ಪ್ರಕಟವಾಯಿತು. ವೈದ್ಯರ ಚೀಟಿಯ ನಿಯಮ ಕಾಗದದ ಮೇಲಿದೆ. ಎಷ್ಟೋ ಊರುಗಳ ಮೆಡಿಕಲ್ ಸ್ಟೋರಿನಲ್ಲಿ ಹೆಸರು ಹೇಳಿದರೆ ಟ್ಯೂಬು ಕೈಗೆ ಬರುತ್ತದೆ.

ನಿಮ್ಮ ಮನೆಯ ಕನ್ನಡಿಯ ಪಕ್ಕದಲ್ಲಿರುವ ಟ್ಯೂಬನ್ನು ಒಮ್ಮೆ ತಿರುಗಿಸಿ ಓದಿ. ಕ್ಲೊಬೆಟಾಸಾಲ್, ಬೀಟಾಮೆಥಾಸೋನ್, ಮೊಮೆಟಾಸೋನ್ ಎಂಬ ಯಾವುದೇ ಹೆಸರು ಅದರ ಮೇಲಿದ್ದರೆ ಅದು ಸ್ಟಿರಾಯ್ಡ್. ತಯಾರಕರ ವಿಳಾಸವಾಗಲಿ, ಸಾಮಗ್ರಿಗಳ ಪಟ್ಟಿಯಾಗಲಿ ಇಲ್ಲದ ಡಬ್ಬಿಯಾದರೆ ಅದನ್ನು ಇನ್ನು ಹಚ್ಚಬೇಡಿ. ಸ್ಟಿರಾಯ್ಡನ್ನು ಬಹಳ ದಿನಗಳಿಂದ ಹಚ್ಚುತ್ತಿದ್ದರೆ ಒಮ್ಮೆಲೇ ನಿಲ್ಲಿಸದೆ ಟ್ಯೂಬನ್ನು ಕೈಯಲ್ಲಿ ಹಿಡಿದುಕೊಂಡೇ ಚರ್ಮವೈದ್ಯರ ಬಳಿ ಹೋಗಿ. ಸರ್ಕಾರಿ ಜಿಲ್ಲಾ ಆಸ್ಪತ್ರೆಗಳಲ್ಲೂ ಚರ್ಮರೋಗ ವಿಭಾಗವಿದೆ.